ತಿರುಗಿಸಿ ಹಾಕಿದ ಸೂಜಿ

ಇಷ್ಟು ಅಚ್ಚುಕಟ್ಟಾಗಿ ಯಾರಾದರೂ ಪ್ರಶ್ನೆ ಕೇಳುತ್ತಾರಾ? ಹೊಲಿಗೆ ಮಷಿನ್ ರಿಪೇರಿಯ ಆ ಆನ್‌ಲೈನ್ ಗುಂಪಿನಲ್ಲಿ ಎಲ್ಲರೂ "ಮಷಿನ್ ಕೆಟ್ಟಿದೆ, ಅರ್ಜೆಂಟ್" ಎಂದು ಬರೆದು ಮಾಯವಾಗುವವರೇ. 'ಗುಂಡಿ' ಎಂಬ ಅಡ್ಡಹೆಸರಿನ ಈ ಆಸಾಮಿ ಮಾತ್ರ, ತಾನು ಹೊಸಬ ಎನ್ನುತ್ತಲೇ, ಮಾಡೆಲ್ಲು, ಬಟ್ಟೆ, ದಾರ, ಏನೇನು ಮಾಡಿ ನೋಡಿದೆ ಎಂಬುದನ್ನೆಲ್ಲ ಬರೆಯುತ್ತಿದ್ದ. ರಿಪೇರಿ ಅಂಗಡಿಯ ಮೆಕ್ಯಾನಿಕ್ ಆದ ಅವಳು ಅಂಗಡಿಯ ಹೆಸರಿನಲ್ಲಿ ಉತ್ತರ ಕೊಟ್ಟರೆ ಸಾಕು, "ಮೇಡಂ, ನಿಮ್ಮ ಕೈಗುಣ!" ಎಂದು ಕರಗುತ್ತಿದ್ದ.

ಅತಿ ವಿನಯಂ ಧೂರ್ತ ಲಕ್ಷಣಂ. ಅವಳಿಗೆ ಅನುಮಾನ ಶುರುವಾಯಿತು.

"ನಿನ್ನ ಪರೀಕ್ಷೆ ಮಾಡ್ತಿದಾನೆ ಕಣೇ," ಎಂದಳು ಅಂಗಡಿಯಲ್ಲಿ ಜೊತೆಗೆ ಕೂರುವ ಅಕ್ಕ. "ಎಲ್ಲಿ ತಪ್ತೀಯ ಅಂತ ಕಾದು, ಎಲ್ಲರೆದುರು ನಗೋಕೆ."

"ಇರಬಹುದು." ಆ ಪ್ರಶ್ನೆಗಳಿಗಾಗಿ ತಾನು ಕಾಯತೊಡಗಿದ್ದೇನೆ ಎಂಬುದನ್ನು ಅವಳು ಹೇಳಲಿಲ್ಲ. ಇದು ಮೋಸವಾದರೆ ಮರ್ಯಾದೆಗಿಂತ ಮೊದಲು ಮನಸ್ಸು ಮುರಿಯುತ್ತಿತ್ತು.

ಹೊಲಿಗೆ ತಪ್ಪಿ ಬೀಳುತ್ತಿದೆ ಎಂದು ಅವನು ಮತ್ತೆ ಬರೆದಾಗ ಅವಳು ಬೇಕೆಂದೇ ತಪ್ಪು ಉತ್ತರ ಹಾಕಿದಳು: ಸೂಜಿ ಬಿಚ್ಚಿ, ಹಿಂದುಮುಂದಾಗಿ ತಿರುಗಿಸಿ ಹಾಕಿ. ಹಾಗೆ ಮಾಡಿದರೆ ಯಾವ ಮಷಿನ್ನೂ ನೆಟ್ಟಗೆ ಹೊಲಿಯದು.

ಚಹಾ ಆರುವ ಮೊದಲೇ ಅವನ ಮರುಮಾತು ಬಂತು. "ಸರಿಹೋಯ್ತು ಮೇಡಂ!" ಜೊತೆಗೆ, ಉತ್ತರ ಸರಿ ಎನ್ನುವ ಹಸಿರು ಟಿಕ್ ಬೇರೆ.

ಕಳ್ಳ ಸಿಕ್ಕಿಬಿದ್ದಿದ್ದ. ಅವಳ ಕಣ್ಣು ಯಾಕೋ ತುಂಬಿತು. "ಮಷಿನ್ ಅಂಗಡಿಗೆ ತನ್ನಿ," ಎಂದು ಬರೆದಳು.

ಮರುದಿನ ಬಂದವನು ಎದುರು ಸಾಲಿನ ದರ್ಜಿ. ದಾರ ಕೊಳ್ಳಲು ಬಂದಾಗಲೆಲ್ಲ ಅವಳನ್ನು ಕದ್ದು ನೋಡಿ, ಬಾಯಿ ಬಿಡದೆ ಹೋಗುತ್ತಿದ್ದವನು. ಕೈಯಲ್ಲಿ ಮಷಿನ್ ಇರಲಿಲ್ಲ.

"ಕೆಟ್ಟೇ ಇರಲಿಲ್ಲ ಅಲ್ವಾ?"

"ಇಲ್ಲ. ಎದುರಿಗೆ ಬಂದ್ರೆ ನಂಗೆ ಮಾತೇ ಹೊರಡಲ್ಲ. ಅಲ್ಲಿ ಸರಿಯಾಗಿ ಕೇಳಿದ್ರೆ ನೀವು ಉತ್ತರ ಕೊಡ್ತೀರಲ್ಲ."

"ಸೂಜಿ ವಿಷಯ ತಪ್ಪು ಅಂತ ಗೊತ್ತಿತ್ತಾ?"

"ದರ್ಜಿಗೆ ಗೊತ್ತಿರಲ್ವಾ? ಎಲ್ಲರ ಮುಂದೆ ನಿಮ್ಮ ಮರ್ಯಾದೆ ಯಾಕೆ ತೆಗೀಲಿ ಅಂತ..."

ಅವಳಿಗೆ ಸಿಟ್ಟು ನೆತ್ತಿಗೇರಿತು. "ನಾಳೆ ಯಾರೋ ಹೊಸಬರು ಆ ಟಿಕ್ ನಂಬಿ, ಸೂಜಿ ಮುರಿದು ಕಣ್ಣಿಗೆ ಹಾರಿದ್ರೆ? ಅಲ್ಲಿ ನಾವಿಬ್ರೇ ಇದೀವಾ?"

"ಬರೆದಿದ್ದು ನೀವು," ಎಂದ ಅವನು ಮೆಲ್ಲಗೆ. "ಬೇಕೂಂತಾನಾ?"

ಅವಳ ಕಿವಿ ಬಿಸಿಯಾಯಿತು. "ಹೂಂ."

ಅಕ್ಕ ಗೊಳ್ಳೆಂದು ನಕ್ಕಳು. "ಇವನು ಚಾಪೆ ಕೆಳಗೆ ತೂರಿದ್ರೆ ನೀನು ರಂಗೋಲಿ ಕೆಳಗೆ!"

ದರ್ಜಿ ನಿಂತಲ್ಲೇ ಫೋನ್ ತೆಗೆದು ಟಿಕ್ ಅಳಿಸಿದ. "ಈ ಉತ್ತರ ತಪ್ಪು, ಸೂಜಿ ತಿರುಗಿಸಬೇಡಿ. ಮಾಡಿ ನೋಡದೇ ಸರಿ ಅಂದೆ, ಕ್ಷಮಿಸಿ," ಎಂದು ಗುಂಪಿಗೆಲ್ಲ ಕಾಣುವಂತೆ ಬರೆದ. ಅದರ ಕೆಳಗೆ ಅವಳೂ ಬರೆದಳು: "ಬೇಕೆಂದೇ ತಪ್ಪು ಹೇಳಿದ್ದು ನಾನು." ನಗುವ ಗುರುತುಗಳು ಸಾಲುಗಟ್ಟಿದವು. ನಗಲಿ ಎನಿಸಿತು ಅವಳಿಗೆ. ಸಾವಿರ ಜನರೆದುರು ತಪ್ಪು ಒಪ್ಪಿಕೊಂಡವನನ್ನು ಇನ್ನೂ ಅನುಮಾನಿಸುವುದು ಅವಳಿಂದಾಗಲಿಲ್ಲ.

"ಇನ್ನು ಅಲ್ಲಿ ನಂಗ್ಯಾರೂ ಉತ್ತರ ಕೊಡಲ್ಲ," ಎಂದ.

ಅವಳು ಸ್ಟೂಲನ್ನು ಅವನತ್ತ ತಳ್ಳಿದಳು. "ಇಲ್ಲೇ ಕೇಳಿ. ಮಷಿನ್ ವಿಷಯ ಬಿಟ್ಟು."

ಅವನು ಕೂತ. ಬೆವರು ಒರೆಸಿಕೊಂಡ. ಅವಳು ಅವಸರ ಮಾಡಲಿಲ್ಲ.

"ನೀವಂದ್ರೆ ನಂಗೆ ತುಂಬಾ ಇಷ್ಟ."

"ಇದು ಪ್ರಶ್ನೆ ಅಲ್ವಲ್ಲ," ಎಂದಳು ಅವಳು, ಅವನ ಮುಖವನ್ನೇ ನೋಡುತ್ತ. "ಆದ್ರೂ, ಹೂಂ. ನಂಗೂ."