ಕತ್ತರಿಸಿದ ಕಂದು ಕೋಟು

ಕಾಲರಿನ ಕೊನೆಯ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಬಿಚ್ಚಿ, ಅಂಟಿಕೊಂಡ ದಾರದ ಎಳೆಗಳನ್ನು ಅವಳು ಊದಿ ಹಾರಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

"ಬನ್ನಿ ಬನ್ನಿ!" ಎಂದಳು ತಲೆಯೆತ್ತದೆ. ಆ ಹೆಜ್ಜೆ ಸದ್ದು ಅವಳಿಗೆ ಗೊತ್ತು. "ಈ ಕೋಟಿನ ಬಟ್ಟೆ ಎಷ್ಟು ಚೆನ್ನಾಗಿದೆ ನೋಡಿ. ಬೆನ್ನು ಆಗಲೇ ಕತ್ತರಿಸಿಬಿಟ್ಟೆ. ಇದರಲ್ಲಿ ಎರಡು ಜಾಕೆಟ್ ಆಗುತ್ತೆ!"

ತಲೆಯೆತ್ತಿದಳು. ಯಾವಾಗಲೂ ಧೂಳು ಮೆತ್ತಿಕೊಂಡು ಬರುವವನು ಇವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ನಿಂತಿದ್ದ. ಅವನ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ ಕಂದು ಕೋಟಿನ ತೋಳೆರಡೂ ಒಂದು ಕಡೆ, ಕಾಲರ್ ಇನ್ನೊಂದು ಕಡೆ, ನಡುವೆ ನೆಟ್ಟಗೆ ಸೀಳಿದ ಬೆನ್ನು.

ಅವನ ಮುಖ ಬಿಳಿಚಿಕೊಂಡಿತು.

"ಗೊತ್ತಾಯ್ತು," ಎಂದ ಮೆಲ್ಲಗೆ. "ಇದಕ್ಕಿಂತ ಸ್ಪಷ್ಟವಾಗಿ ಹೇಳೋದು ಹೇಗೆ... ಬಿಡಿ."

"ಏನು ಗೊತ್ತಾಯ್ತು? ರೀ... ನಿಂತ್ಕೊಳ್ಳಿ!"

ನಿಲ್ಲಲಿಲ್ಲ. ಅವಳು ಬ್ಲೇಡು ಕೆಳಗಿಟ್ಟು ಬೀದಿಗೆ ಓಡುವಷ್ಟರಲ್ಲಿ ಅವನ ವ್ಯಾನು ತಿರುವು ದಾಟಿತ್ತು.

ಹಳೇ ಬಟ್ಟೆಗಳ ಮೂಟೆ ತರುವುದು ಅವನ ಕೆಲಸ. ಊರವರು ಬೇಡವೆಂದು ಕೊಟ್ಟ ಬಟ್ಟೆಗಳನ್ನು ವಿಂಗಡಿಸಿ, ಅವಳ ಕೈಗೆ ಯಾವುದು ಒಗ್ಗುತ್ತದೋ ಅದನ್ನೇ ಆರಿಸಿ ತರುತ್ತಿದ್ದ. ಅವಳ ಕೈಯಲ್ಲಿ ಕಿಟಕಿ ಪರದೆ ಲಂಗವಾಗುತ್ತಿತ್ತು, ಮೊಣಕಾಲು ಹರಿದ ಪ್ಯಾಂಟು ಚೀಲವಾಗುತ್ತಿತ್ತು. ಒಂದರಂತೆ ಇನ್ನೊಂದಿಲ್ಲ. ಜೋಡಿಸಿದ ಗೆರೆಯನ್ನು ಅವಳು ಎಂದೂ ಮರೆಮಾಡುತ್ತಿರಲಿಲ್ಲ. ಬೇರೆ ಬಣ್ಣದ ದಾರದಲ್ಲಿ ಎದ್ದು ಕಾಣುವಂತೆಯೇ ಹೊಲಿಯುತ್ತಿದ್ದಳು.

"ಏನು ಕತ್ತರಿಯಮ್ಮಾ, ಇವತ್ತು ಯಾರ ಗ್ರಹಚಾರ ಬಿಡಿಸ್ತಿದ್ದೀರಿ?" ಎಂದು ನಗಿಸುತ್ತಿದ್ದವನು ಇವತ್ತು ಹೀಗೇಕೆ ಹೋದ?

ಒಳಗಿನಿಂದ ಸೋದರತ್ತೆ ಕೆನ್ನೆ ಹಿಡಿದುಕೊಂಡು ಎದ್ದು ಬಂದಳು. ಹಲ್ಲುನೋವಿನ ಮಾತ್ರೆ ನುಂಗಿ ಮಲಗಿದ್ದವಳು.

"ಯಾರೇ ಬಂದಿದ್ದು? ಮೂಟೆರಾಯನಾ? ಏನಂದೆ ಅವನಿಗೆ?"

ಮೇಜು ಕಂಡದ್ದೇ ತಡ, ಅತ್ತೆಯ ಕೈ ಕೆನ್ನೆಯಿಂದ ಬಾಯಿಗೆ ಹೋಯಿತು.

"ಅಯ್ಯೋ ನನ್ನ ಕರ್ಮವೇ! ಇದನ್ಯಾಕೆ ಕತ್ತರಿಸಿದ್ಯೇ?"

"ರಾಶಿ ಮೇಲಿತ್ತು ಅತ್ತೆ."

"ಕುರ್ಚಿ ಮೇಲಿಟ್ಟಿದ್ದೆ ಕಣೇ, ಜಾರಿ ಬಿದ್ದಿರಬೇಕು... ಅದು ತೀರಿಹೋದ ಅವರಪ್ಪನ ಕೋಟು. ಬೆಳಿಗ್ಗೆ ನೀನು ದಾರ ತರೋಕೆ ಹೋದಾಗ ಮೂಟೆ ಇಳಿಸೋಕೆ ಬಂದಿದ್ದ. 'ಅತ್ತೇ, ಇದನ್ನ ಅವರ ಕೈಲಿ ಕೊಡಿ. ಮದುವೆ ದಿನಕ್ಕೆ ನನ್ನ ಅಳತೆಗೆ ಹೊಲಿದು ಕೊಡ್ತಾರಾ ಕೇಳಿ. ಹೊಲಿಯೋಕೆ ಒಪ್ಪಿದ್ರೆ ನನ್ನನ್ನೂ ಒಪ್ಪಿದ ಹಾಗೆ. ಸಂಜೆ ಬರ್ತೀನಿ' ಅಂದ. ನನಗೆ ಮಾತ್ರೆ ನುಂಗಿ ಕಣ್ಣು ಹತ್ತಿಬಿಡ್ತು..."

ಅಂದರೆ... ಅವನು ಕೇಳಿದ್ದ. ಅವಳು ಕತ್ತರಿಯಿಂದ ಉತ್ತರ ಕೊಟ್ಟಿದ್ದಳು!

ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮುಂದಿನ ವಾರ ಮೂಟೆ ತಂದವನು ಬೇರೆ, ನರೆತ ಮೀಸೆಯ ಡ್ರೈವರಣ್ಣ. "ಅವನು ಬಂದರಿನ ಗೋದಾಮಿಗೆ ಕೇಳಿ ಹಾಕಿಸ್ಕೊಂಡು ಹೋದ ಕಣಮ್ಮ," ಎಂದ.

ಅಂದೇ ಕಾಗದ ಬರೆದಳು. ಆದರೆ ಸತ್ತ ಅಪ್ಪನ ಕೋಟನ್ನು ಸೀಳಿಟ್ಟುಕೊಂಡು ಬರೀ ಮಾತನ್ನು ಹೇಗೆ ಕಳಿಸುವುದು? ಕೋಟು ಮೊದಲು ಸರಿಯಾಗಲಿ...

ಬಿಚ್ಚಿದ ಬಟ್ಟೆಯನ್ನು ಮತ್ತೆ ಕೂಡಿಸಬಹುದು. ಕತ್ತರಿಸಿದ್ದು ಹಾಗಲ್ಲ. ಎರಡು ಅಂಚನ್ನೂ ಮಡಿಸಿ ಹೊಲಿದರೆ ಅಷ್ಟು ಬಟ್ಟೆ ಒಳಗೆ ಹೋಗಿ ಬೆನ್ನು ಬಿಗಿಯಾಗುತ್ತದೆ. ಅದೇ ಬಣ್ಣದ ಬಟ್ಟೆಗಾಗಿ ಬಂದ ಮೂಟೆಯನ್ನೆಲ್ಲ ಜಾಲಾಡಿದಳು. ಸಿಗಲಿಲ್ಲ.

ಕೊನೆಗೊಂದು ಮಧ್ಯಾಹ್ನ ತನ್ನ ಮೈಮೇಲಿದ್ದ ನೀಲಿ ಶಾಲನ್ನೇ ತೆಗೆದು ಮೇಜಿನ ಮೇಲೆ ಹಾಸಿದಳು.

"ಚಳಿಗಾಲಕ್ಕೆ ಏನು ಹೊದ್ಕೋತೀಯೇ?" ಎಂದಳು ಅತ್ತೆ.

"ನಿನ್ನ ಬೈಗುಳನೇ ಸಾಕು ಅತ್ತೆ, ಬೆಚ್ಚಗಿರುತ್ತೆ."

ಕತ್ತಿನಿಂದ ಅಂಚಿನವರೆಗೆ ಒಂದು ನೀಲಿ ಪಟ್ಟಿ. ಅಳತೆಗೆ ಟೇಪು ಹಿಡಿದು ನಿಲ್ಲಿಸಲು ಅವನಿರಲಿಲ್ಲ. ಆದರೂ ಆ ಭುಜದ ಅಗಲ, ತೋಳಿನ ಉದ್ದ ಅವಳಿಗೆ ಬಾಯಿಪಾಠ. ಅವನು ಮೂಟೆ ಇಳಿಸುವಾಗ ಕದ್ದು ನೋಡಿದ್ದೆಷ್ಟು ಸಲವೋ! ಆಗ ನೋಡಿದ್ದನ್ನೆಲ್ಲ ಈಗ ಒಂದೊಂದೇ ಹೊಲಿಗೆಯಾಗಿ ಇಳಿಸಿದಳು. ತೋಳು ಕೂಡಿಸಿ ಮುಗಿದ ಮೇಲೆ, ಯಾರೂ ಇಲ್ಲದಾಗ ಆ ಖಾಲಿ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಸುಮ್ಮನೆ ಕುಳಿತಳು. ಹಗುರಾಗಿತ್ತು... ತೀರಾ ಹಗುರ.

ಕೋಟು ಸರಿಹೋಯಿತು. ಆದರೆ ಅಷ್ಟರಲ್ಲಿ ಧೈರ್ಯ ಹೋಗಿತ್ತು. ಈ ಪಟ್ಟಿ ಕಂಡು ಅವನ ಗಾಯ ಮತ್ತೆ ಹಸಿಯಾದರೆ? ಮುಂದಿನ ಮೂಟೆ ಬಂದಾಗ ವ್ಯಾನಿನಲ್ಲಿ ಕಳಿಸೋಣ ಎಂದುಕೊಳ್ಳುವಳು. ಆ ಮೂಟೆ ಬಂದು ಹೋಗುವುದು. ಕಾಗದ ಗುಂಡಿಗಳ ಡಬ್ಬದಲ್ಲೇ ಉಳಿಯುವುದು.

ಒಂದು ಬೆಳಿಗ್ಗೆ ಡ್ರೈವರಣ್ಣ ಮೂಟೆ ಇಳಿಸುತ್ತಾ ತಾನಾಗೇ ಹೇಳಿದ: "ನಿಮ್ಮ ಮೂಟೆರಾಯನಿಗೆ ಅವರಕ್ಕ ಸಂಬಂಧ ತಂದಿದ್ದಾಳೆ. ಹ್ಞೂಂ ಅನ್ನಲ್ಲ, ಉಹ್ಞೂಂ ಅನ್ನಲ್ಲ. ನಾಳೆ ಆ ಮನೆಯೋರು ಬರ್ತಾರಂತೆ, ಅಷ್ಟರಲ್ಲಿ ಹೇಳಲೇಬೇಕು ಅಂತ ಅಕ್ಕ ಕೂತಿದ್ದಾಳೆ."

ಅವಳ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು.

"ಕೇಳಿಸ್ತೇನೇ?" ಎಂದಳು ಅತ್ತೆ. "ತಪ್ಪು ನಂದು. ನಾನೇ ಮಾತಾಡ್ತೀನಿ, ಕೊಡು ಫೋನು."

"ಬೇಡ ಅತ್ತೆ. ಇನ್ನೊಂದು ಸಲ ನಿನ್ನ ಕೈಲಿ ಕೊಟ್ಟರೆ ನಾನು ಮುದುಕಿ ಆಗ್ತೀನಿ!" ಅವಳು ಡ್ರೈವರಣ್ಣನ ಕಡೆ ತಿರುಗಿದಳು. "ಅಣ್ಣಾ, ನಿಮ್ಮ ಫೋನಿಂದ ಹಚ್ಚಿ ಕೊಡಿ. ನನ್ನ ನಂಬರಾದ್ರೆ ಎತ್ತಲ್ಲ."

ಆ ಕಡೆಯಿಂದ ದನಿ ಬಂತು. "ಹೇಳಣ್ಣ, ಮೂಟೆ ಇಳಿಸಿದ್ಯಾ?"

ಎಷ್ಟು ಕಾಲವಾಗಿತ್ತು ಆ ದನಿ ಕೇಳಿ!

"ಇಳಿಸಿದ್ರು... ನಾನು."

ಅವನು ಫೋನು ಇಡಲಿಲ್ಲ.

"ನಿಮ್ಮಪ್ಪನ ಕೋಟು ಕಳಿಸ್ತಿದ್ದೀನಿ. ಬೆನ್ನಲ್ಲಿ ಗೆರೆ ಕಾಣುತ್ತೆ, ಅಡಗಿಸೋಕೆ ನನಗೆ ಬರಲ್ಲ. ಜೊತೆಗೊಂದು ಕಾಗದ. ನೀವು ಬಂದರಿಗೆ ಹೋದ್ರಿ ಅಂತ ಕೇಳಿದ ದಿನಾನೇ ಬರೆದಿದ್ದು. ಓದಿ, ಆಮೇಲೆ ನಿಮ್ಮಕ್ಕನಿಗೆ ಏನು ಬೇಕಾದ್ರೂ ಹೇಳಿ."

"ಅಷ್ಟು ದೂರದಿಂದ ಅದು ಬರೋವರೆಗೆ ನಾನು ಹೇಗಿರಲಿ?" ಎಂದ ಅವನು. "ಒಂದೇ ಒಂದು ಸಾಲು ಓದಿ."

ಅವಳು ಡಬ್ಬದಿಂದ ಕಾಗದ ತೆಗೆದು ಬಿಡಿಸಿದಳು. ಅಕ್ಷರಗಳು ಕಣ್ಣೀರಲ್ಲಿ ತೇಲಿದವು. ಆದರೂ ಓದಿದಳು.

"'ಅದು ನಿಮ್ಮ ಕೋಟು ಅಂತ ನನಗೆ ಯಾರೂ ಹೇಳಿರಲಿಲ್ಲ. ನೀವು ಕೇಳಿದ್ದೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನೀವು ಬರುವ ಮೊದಲೇ ಹೊಲಿದು, ಬಾಗಿಲಲ್ಲಿ ಹಿಡಿದು ನಿಂತಿರುತ್ತಿದ್ದೆ.'"

"ನಾನೊಬ್ಬ ಪೆದ್ದ," ಎಂದ ಅವನು.

"ಹೌದು."

"ಇಲ್ಲ ಅನ್ನಬಾರದಾ?"

"ಕಾಗದದಲ್ಲೂ ಹೌದು ಅಂತಲೇ ಬರೆದಿದ್ದೀನಿ. ಎರಡು ಕಡೆ."

ಅವನು ನಕ್ಕ. ಅಳುವಿನ ಹಾಗಿತ್ತು ಆ ನಗು. "ಉಳಿದದ್ದು ಓದಬೇಡ. ಕಳಿಸು. ನಾನೇ ಓದ್ಕೋತೀನಿ... ಆ ಕೋಟು ಹಾಕ್ಕೊಂಡು."

ಓದಬೇಡ, ಕಳಿಸು. ಮೊದಲ ಬಾರಿಗೆ ಏಕವಚನ! ಅವಳು ಅದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡಳು.

ಕೋಟನ್ನು ಮಡಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಕಾಗದವನ್ನು ಡ್ರೈವರಣ್ಣನ ಅಂಗಿಯ ಜೇಬಿಗೆ ತಾನೇ ತುರುಕಿ, ಮೇಲಿನ ಗುಂಡಿ ಹಾಕಿದಳು.

"ಬೀಳಿಸಬೇಡಿ ಅಣ್ಣಾ."

"ನನ್ನ ಹೆಂಡ್ತಿ ಕಾಗದಾನೂ ಇಷ್ಟು ಜೋಪಾನ ಮಾಡಿಲ್ಲ ಕಣಮ್ಮ," ಎಂದು ನಗುತ್ತಾ ಅವನು ವ್ಯಾನು ಹತ್ತಿದ.

ವ್ಯಾನು ಹೊರಟಿತು. ಈ ಸಲ ಅವಳು ಹಿಂದೆ ಓಡಲಿಲ್ಲ.