ತಾಮ್ರದ ಹಾಳೆಯ ಹಿಂಬದಿ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದೆಂದರೆ, ಆಗ ಕಲ್ಲುಗಳು ಮಾತಾಡುತ್ತಿದ್ದವು, ಕೂತು ಕೇಳುವ ಪುರುಸೊತ್ತು ಜನರಿಗಿತ್ತು. ಹೊಂಬಳಲು ಎಂಬ ರಾಜ್ಯದಲ್ಲಿ ನೂರೊಂದು ಕಟ್ಟಡಗಳ ಒಂದು ವಿದ್ಯಾಪೀಠವಿತ್ತು. ಅದರ ನಡುವೆ ಒಂದು ಕೊಳ. ತಾಮ್ರದ ಹಾಳೆಯನ್ನು ಆ ಕೊಳದಲ್ಲಿ ಅದ್ದಿ ಯಾವ ಕಟ್ಟಡದ ಮುಂದೆ ಹಿಡಿದರೂ, ನೂರು ಎಣಿಸುವಷ್ಟರಲ್ಲಿ ಆ ಕಟ್ಟಡವೂ ಅದರ ಮುಂದೆ ನಿಂತ ಜನರೂ ಹಾಳೆಯ ಮೇಲೆ ಇದ್ದ ಹಾಗೆಯೇ ಮೂಡುತ್ತಿದ್ದರು. ಮೂಡಿದ ಬಿಂಬ ಉಜ್ಜಿದರೂ ಹೋಗುತ್ತಿರಲಿಲ್ಲ.

ಓದು ಮುಗಿಸಿ ಊರಿಗೆ ಹೊರಡುವವರು ಬೀಳ್ಕೊಡುಗೆಯ ದಿನ ತಮ್ಮ ಪ್ರೀತಿಯ ಕಟ್ಟಡದ ಮುಂದೆ ಉಸಿರು ಬಿಗಿಹಿಡಿದು ನಿಂತು, ಒಂದು ಬಿಂಬ ಹಿಡಿಸಿಕೊಂಡು, ಹಾಳೆಯನ್ನು ಭಂಡಾರಕ್ಕೆ ಕೊಟ್ಟು ಹೋಗುವುದು ಪದ್ಧತಿ. ಹಾಳೆಯ ಹಿಂದೆ ಮಾತ್ರ ಯಾರೂ ಒಂದಕ್ಷರ ಬರೆಯುತ್ತಿರಲಿಲ್ಲ. "ಇದನ್ನೂ ಬರೀಬೇಕೇನಯ್ಯಾ? ಎಲ್ಲರಿಗೂ ಗೊತ್ತಿರೋದೇ ಅಲ್ವಾ!" ಎಂದು ನಗುತ್ತಿದ್ದರು. ಹಾಗೆ ನಕ್ಕವರು ಒಬ್ಬೊಬ್ಬರಾಗಿ ತೀರಿಕೊಂಡರು. ಅವರಿಗೆ ಗೊತ್ತಿದ್ದದ್ದೂ ಅವರ ಜೊತೆಗೇ ಹೋಯಿತು. ಊರಿಗೆಲ್ಲ ಅಕ್ಷರ ಕಲಿಸುವ ಜಾಗದಲ್ಲಿ ಒಂದು ಹೆಸರು ಬರೆದಿಡುವವರು ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಆ ಭಂಡಾರವನ್ನು ಕಾಯುತ್ತಿದ್ದವನು ಬಮ್ಮಯ್ಯನೆಂಬ ಮುದುಕ. ಬಾಳೆಗಿಡದ ಹಾಗೆ ಉದ್ದಕ್ಕೆ ಬೆಳೆದ ಆಳು. ತಾಯಿತಂದೆಯಿಲ್ಲದ ಮೊಮ್ಮಗಳು ಜಕ್ಕಲೆಯನ್ನು ಆ ಹಾಳೆಗಳ ನಡುವೆಯೇ ಸಾಕಿದ್ದ. ಉಳಿದ ಅಜ್ಜಂದಿರು ಕಾಗೆ ಗುಬ್ಬಿಯ ಕತೆ ಹೇಳಿದರೆ ಇವನು ಅವಳಿಗೆ ಕಟ್ಟಡಗಳ ಕತೆ ಹೇಳಿದ್ದ. ಅವಳಿಗೆ ಅವನು, ಅವನಿಗೆ ಅವಳು, ಅಷ್ಟೇ ಸಂಸಾರ.

ಹೀಗಿರುವಾಗ ಮಂಕಣನೆಂಬ ಮಾಂತ್ರಿಕ ಅಲ್ಲಿಗೆ ಬಂದ. ಹೆಸರು ಹೇಳುವವರಿಲ್ಲದ ಕಟ್ಟಡ ಸಿಕ್ಕಿದರೆ ಅವನಿಗೆ ಹಬ್ಬ. ಒಂದು ಚಿಟಿಕೆ ಮಂಕುಬೂದಿ ಎರಚಿದರೆ ಕಟ್ಟಡ ಕುಗ್ಗಿ ಕುಗ್ಗಿ ಮಣಿಯಾಗುತ್ತಿತ್ತು. ಅದನ್ನು ಅವನು ಕೊರಳ ಸರಕ್ಕೆ ಪೋಣಿಸಿಕೊಳ್ಳುತ್ತಿದ್ದ. ಕಟ್ಟಡದ ಜೊತೆಗೆ ಅಲ್ಲಿ ನಡೆದದ್ದೆಲ್ಲ ಜನರ ನೆನಪಿನಿಂದ ಜಾರಿಹೋಗುತ್ತಿತ್ತು. ನಲವತ್ತು ಕಟ್ಟಡಗಳು ಹಾಗೆ ಹೋದವು. ಎಲ್ಲರಿಗಿಂತ ಹೆಚ್ಚು ನೆನಪಿಟ್ಟುಕೊಂಡಿದ್ದವನು ಬಮ್ಮಯ್ಯ. ಆದ್ದರಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನೂ ಅವನೇ. ಒಂದು ಬೆಳಗ್ಗೆ ಅವನು ಜಕ್ಕಲೆಯನ್ನು ಕರೆಯಲು ಬಾಯಿ ತೆರೆದ. ಹೆಸರು ಬಾಯಿಗೆ ಬರಲಿಲ್ಲ. "ಮಗೂ..." ಎಂದಷ್ಟೇ ಕರೆದ. ಜಕ್ಕಲೆ ಒಲೆಯ ಮುಂದೆ ಕೂತು ಅತ್ತಳು, ಹೊಗೆ ಅಂತ ಸುಳ್ಳು ಹೇಳಿದಳು.

ಅರಸ ಗಾಬರಿಯಾಗಿ ಹನ್ನೆರಡು ಪಂಡಿತರನ್ನು ನೇಮಿಸಿ, ಉಳಿದ ಕಟ್ಟಡಗಳ ಪಟ್ಟಿ ಮಾಡಿಸಿದ. ಪಂಡಿತರು ದಾರ ಹಿಡಿದು ಅಳೆದರು, ಕಂಬ ಎಣಿಸಿದರು, "ಬಡಗಣ ಕಟ್ಟಡ ಹದಿನೇಳು, ಕಂಬ ಇಪ್ಪತ್ತು, ಸ್ಥಿತಿ ಸಾಧಾರಣ" ಎಂದು ಬರೆದರು. ಬಿಂಬ ಮಸುಕಾದ ಹಾಳೆಗಳನ್ನು ಕೆಟ್ಟವು ಎಂದು ಮೂಲೆಗೆ ಎಸೆದರು. ಮಂಕಣ ಸಭೆಗೆ ಬಂದು ಆ ಪಟ್ಟಿ ಓದಿ ಹೊಟ್ಟೆ ಹಿಡಿದು ನಕ್ಕ.

"ಸ್ವಾಮಿ, ಹಲ್ಲು ಎಣಿಸಿದ ಮಾತ್ರಕ್ಕೆ ಮನುಷ್ಯನ ಗುರುತು ಸಿಕ್ಕೀತೇ? ಒಂದು ಪಂದ್ಯ ಕಟ್ಟೋಣ. ದಿನಕ್ಕೊಂದರಂತೆ ನಿಮ್ಮ ಭಂಡಾರದ ಮೂರು ಹಾಳೆ ಕೊಡುತ್ತೇನೆ, ಮೂರೂ ನಾನು ನುಂಗಿದ ಕಟ್ಟಡಗಳದ್ದೇ. ಯಾವ ಮನೆ, ಯಾರ ಮನೆ, ಯಾಕೆ ಕಟ್ಟಿದ ಮನೆ, ಇಷ್ಟು ಹೇಳಿದರೆ ಎಲ್ಲವನ್ನೂ ಬಿಟ್ಟುಕೊಡುತ್ತೇನೆ. ಹೇಳದಿದ್ದರೆ ಉಳಿದದ್ದೂ ನನ್ನದು. ಪಂದ್ಯ ಮುಗಿಯುವ ತನಕ ದಿನಕ್ಕೊಂದು ಕಟ್ಟಡ ನನ್ನ ಊಟಕ್ಕೆ."

ಪಂಡಿತರು ತಮ್ಮ ಪಟ್ಟಿ ಸುತ್ತಿಟ್ಟುಕೊಂಡರು. ಜಕ್ಕಲೆ ಎದ್ದು ನಿಂತಳು. "ನಾನು ಹೇಳ್ತೀನಿ ಬುದ್ಧೀ. ಉಳಿದ ಕಟ್ಟಡಗಳೂ ಹೋದರೆ ನಮ್ಮಜ್ಜನಿಗೆ ನಾನೂ ಮರೆತುಹೋಗ್ತೀನಿ."

ಮೊದಲನೆಯ ದಿನದ ಹಾಳೆಯಲ್ಲಿ ಒಂದು ದುಂಡನೆಯ ಕಟ್ಟಡ, ಒಂದೂ ಕಿಟಕಿಯಿಲ್ಲ. ಪಂಡಿತರು "ಖಜಾನೆ, ಅನುಮಾನವೇ ಇಲ್ಲ" ಎಂದರು. ಅನುಮಾನವೇ ಇಲ್ಲ ಎಂದದ್ದರಿಂದಲೇ ಜಕ್ಕಲೆಗೆ ಅನುಮಾನ ಬಂತು. ಮಂಕುಬೂದಿ ಹತ್ತುವುದು ಮನುಷ್ಯರ ತಲೆಗೆ, ಕಲ್ಲಿಗಲ್ಲ. ಅವಳು ಹೆಬ್ಬಾಗಿಲಿನ ಕಲ್ಲಿನ ಯಾಳಿಯ ಮುಂದೆ ಹಾಳೆ ಹಿಡಿದಳು. "ಯಾವ ಮನೆ, ಯಾರ ಮನೆ, ಯಾಕೆ ಕಟ್ಟಿದ ಮನೆ?"

"ಜೋರಾಗಿ ಹೇಳು, ಕಿವೀಲಿ ಪಾಚಿ ಕಟ್ಟಿದೆ" ಎಂದಿತು ಯಾಳಿ. ಜಕ್ಕಲೆ ಕಡ್ಡಿ ತಂದು ಪಾಚಿ ತೆಗೆದಳು. ಯಾಳಿ ಹಾಯಾಗಿ ಕಣ್ಣು ಮುಚ್ಚಿತು. "ಅಯ್ಯೋ, ಅದು ಕೂಗುಮನೆ ಕಣಮ್ಮಾ. ಹೊಸದಾಗಿ ಬಂದ ಮಕ್ಕಳದ್ದು. ಹತ್ತು ಜನರ ಮುಂದೆ ಪಾಠ ಒಪ್ಪಿಸೋಕೆ ಹೆದರೋವು. ಅದರೊಳಗೆ ಒಬ್ಬೊಬ್ಬರೇ ಹೋಗಿ ಗಂಟಲು ಹರಿಯೋ ಹಾಗೆ ಕೂಗಿ ನಾಚಿಕೆ ಬಿಟ್ಟು ಬರೋವು. ಸದ್ದು ಹೊರಗೆ ಹೋಗಬಾರದು ಅಂತ ಕಿಟಕಿ ಇಡಲಿಲ್ಲ. ಕೇಳಿದ್ದು ನಾನೊಬ್ಬನೇ. ಎಂಥಾ ದನಿಗಳು! ಈಗ ಇಲ್ಲಿ ಎಲ್ಲರೂ ಪಿಸುಗುಟ್ಟುತ್ತಾರೆ."

ಜಕ್ಕಲೆ ಸಭೆಯಲ್ಲಿ ಹಾಗೇ ಹೇಳಿದಳು. ಮಂಕಣನ ಮೀಸೆ ಅದುರಿತು. ಆ ಸಂಜೆ ಅವನು ಒಂದು ಕಟ್ಟಡ ನುಂಗಿದ. ಮನೆಗೆ ಬಂದರೆ ಅಜ್ಜ ಅನ್ನದ ತಟ್ಟೆ ಹಿಡಿದು ಕೇಳಿದ, "ನೀನು ಯಾರ ಮಗಳಮ್ಮಾ? ಚೆನ್ನಾಗಿ ಅಡುಗೆ ಮಾಡ್ತೀಯ."

ಎರಡನೆಯ ದಿನದ ಹಾಳೆಯಲ್ಲಿ ಒಂದು ಉದ್ದನೆಯ ಸಾಲುಮನೆ, ಬಾಗಿಲುಗಳೆಲ್ಲ ಮೊಣಕಾಲೆತ್ತರ. ಪಂಡಿತರು "ಕುಬ್ಜರ ವಸತಿ" ಎಂದರು. ಜಕ್ಕಲೆ ಕೊಳಕ್ಕೆ ಹೋಗಿ, ಮುನ್ನೂರು ವರ್ಷದ ಆಮೆಯ ಮುಂದೆ ಹಾಳೆ ಹಿಡಿದಳು. "ಯಾವ ಮನೆ, ಯಾರ ಮನೆ, ಯಾಕೆ ಕಟ್ಟಿದ ಮನೆ?"

"ಮೊದಲು ನನ್ನನ್ನು ಹೆಬ್ಬಾಗಿಲಿಗೆ ಎತ್ತಿಕೊಂಡು ಹೋಗು. ಒಂದು ಸಲ ದಾರಿ ನೋಡಬೇಕು" ಎಂದಿತು ಆಮೆ. ಭಾರವೆಂದರೆ ಭಾರ. ಹೊತ್ತುಕೊಂಡು ಹೋಗಿ ಇಳಿಸಿದಳು. ಆಮೆ ಬಹಳ ಹೊತ್ತು ದಾರಿ ನೋಡಿತು.

"ಅದು ಜೊತೆಮನೆ. ಎಂಟು ವರ್ಷದ ಮಕ್ಕಳನ್ನ ತಂದು ಇಲ್ಲಿ ಬಿಡೋರು. ಊರು ಬಿಟ್ಟು ಬರೋ ಮಗು ಮನೆಯಿಂದ ಒಂದು ಪ್ರಾಣಿ ತರಬಹುದು ಅಂತ ಆಗಿನ ಗುರುಗಳು ಅಪ್ಪಣೆ ಕೊಟ್ಟಿದ್ರು. ನಾಯಿಮರಿ, ಮುಂಗುಸಿ, ಕಾಲು ಮುರಿದ ಕೋಳಿ, ಎಲ್ಲಾ ಇದ್ವು. ಅಳು ಬಂದ ಮಗು ಅಲ್ಲಿ ಹೋಗಿ ಕೂರೋದು. ನನ್ನನ್ನ ಸಿಂಗಣ ಅಂತ ಒಬ್ಬ ಹುಡುಗ ಚೀಲದಲ್ಲಿ ತಂದ. ಓದು ಮುಗಿಸಿ ಹೋಗುವಾಗ, ಬರ್ತೀನಿ ಇರು ಅಂದ. ಇದ್ದೀನಿ."

ಜಕ್ಕಲೆ ಆಮೆಯನ್ನು ಅಲ್ಲೇ ದಾರಿ ಕಾಣುವ ನೆರಳಿನಲ್ಲಿ ಕೂರಿಸಿ, ಸಭೆಗೆ ಹೋಗಿ ಎರಡನೆಯ ಉತ್ತರ ಹೇಳಿದಳು. ಮಂಕಣನ ಎರಡೂ ಮೀಸೆ ಅದುರಿದವು. ಆ ಸಂಜೆ ಇನ್ನೊಂದು ಕಟ್ಟಡ ಹೋಯಿತು. ಅಜ್ಜ ಅವಳನ್ನು ಪರ ಊರಿನವಳನ್ನು ನೋಡಿದ ಹಾಗೆ ನೋಡಿ ಕೈಮುಗಿದ.

ಮೂರನೆಯದು ಬೀಳ್ಕೊಡುಗೆಯ ದಿನ. ಮಂಕಣ ಪಂಡಿತರು ಎಸೆದಿದ್ದ ಕೆಟ್ಟ ಹಾಳೆಗಳ ರಾಶಿಯಿಂದಲೇ ಒಂದನ್ನು ಹೆಕ್ಕಿ ಕೊಟ್ಟ. ವಿದ್ಯಾಪೀಠದ ಸುತ್ತಣ ಪೌಳಿಗೋಡೆಗೆ ಅಂಟಿಕೊಂಡ ಒಂದು ಗುಡಿಸಲು, ತೀರಾ ಕುಳ್ಳ ಬಾಗಿಲು, ಹೊಸ್ತಿಲ ಪಕ್ಕ ಒಂದು ಗಡಿಗೆ. ಬಾಗಿಲಲ್ಲಿ ಒಬ್ಬ ಹೆಂಗಸು. ಮುಖ ಮಾತ್ರ ನೀರಿನಲ್ಲಿ ಕದಡಿದ ಹಾಗೆ ಮಸುಕು.

ಯಾಳಿ "ನನ್ನ ಬೆನ್ನ ಹಿಂದಿನದು, ಕಂಡಿಲ್ಲ" ಎಂದಿತು. ಆಮೆ "ನೀರಿನಿಂದ ದೂರ, ಹೋಗಿಲ್ಲ" ಎಂದಿತು. ಪಂಡಿತರು "ಕೆಟ್ಟ ಹಾಳೆ" ಎಂದು ಕೈ ತೊಳೆದುಕೊಂಡರು. ಮಧ್ಯಾಹ್ನದೊಳಗೆ ಉತ್ತರ ಹೇಳಬೇಕು. ಅಜ್ಜನನ್ನು ಒಬ್ಬನೇ ಬಿಡಲು ಮನಸ್ಸಾಗದೆ, ಅವನ ಕೈ ಹಿಡಿದುಕೊಂಡೇ ಜಕ್ಕಲೆ ಪೌಳಿಗೋಡೆಯ ಉದ್ದಕ್ಕೂ ನಡೆದಳು. ಗುಡಿಸಲು ಇದ್ದ ಜಾಗದಲ್ಲಿ ಬರೀ ಹುಲ್ಲು. ಅವಳು ಸುಮ್ಮನೆ ದಾಟಿ ಹೋದಳು. ಅಜ್ಜ ದಾಟಲಿಲ್ಲ. ಖಾಲಿ ಬಯಲಿನಲ್ಲಿ ನಿಂತು, ಆ ಉದ್ದನೆಯ ಬೆನ್ನನ್ನು ಬಗ್ಗಿಸಿ, ತಲೆ ತಗ್ಗಿಸಿ, ಕಾಣದ ಒಂದು ಹೊಸ್ತಿಲನ್ನು ದಾಟಿ ನಿಂತ.

"ಅಜ್ಜಾ, ತಲೆ ಯಾಕೆ ತಗ್ಗಿಸಿದೆ?"

"ಗೊತ್ತಿಲ್ಲಮ್ಮಾ. ತಗಲುತ್ತೆ ಅನ್ನಿಸಿತು."

ಮಂಕುಬೂದಿ ಅವನ ತಲೆಗೆ ಹತ್ತಿತ್ತು, ಬೆನ್ನಿಗೆ ಹತ್ತಿರಲಿಲ್ಲ. ಜಕ್ಕಲೆ ಉಸಿರು ಬಿಗಿಹಿಡಿದು ನೋಡಿದಳು. ಅಜ್ಜನ ಕೈಗಳು ತಾವಾಗಿ ಮೇಲೆದ್ದು ಬೊಗಸೆಯಾದವು. ಅವಳಿಗೆ ಹಾಳೆಯಲ್ಲಿದ್ದ ಗಡಿಗೆ ನೆನಪಾಯಿತು. ಒಂದೇ ಓಟದಲ್ಲಿ ಮನೆಗೆ ಹೋಗಿ, ಮಜ್ಜಿಗೆಯ ಗಡಿಗೆ ತಂದು ಬೊಗಸೆಗೆ ಸುರಿದಳು. ಅಜ್ಜ ಗಟಗಟನೆ ಕುಡಿದು, ಮುಖ ಕಿವಿಚಿ ಹೇಳಿದ, "ಚಾಗಕ್ಕಾ, ಇವತ್ತೂ ಉಪ್ಪು ಹಾಕೋದು ಮರೆತೆಯಾ?"

ಹೇಳಿದವನೇ ಮಗುವಿನ ಹಾಗೆ ಅಳತೊಡಗಿದ.

ಮಧ್ಯಾಹ್ನ ಸಭೆಯಲ್ಲಿ ಮಂಕಣ ಕೇಳಿದ, "ಯಾವ ಮನೆ, ಯಾರ ಮನೆ, ಯಾಕೆ ಕಟ್ಟಿದ ಮನೆ?" ಜಕ್ಕಲೆ ಅಜ್ಜನನ್ನು ಮುಂದೆ ಬಿಟ್ಟಳು.

"ಸೋತವರ ಮನೆ, ಸ್ವಾಮಿ. ಚಾಗಕ್ಕನ ಮನೆ. ವಾದಸಭೆಯಲ್ಲಿ ಸೋತ ಹುಡುಗರು ಊಟದ ಮನೇಲಿ ಮುಖ ತೋರಿಸೋಕೆ ನಾಚಿ, ಗೋಡೆ ಹಾರಿ ಓಡಿಹೋಗ್ತಿದ್ರು. ಅದಕ್ಕೇ ಗೋಡೆ ಪಕ್ಕದಲ್ಲೇ ಕಟ್ಟಿಸಿದ್ದು. ಬೋರಲು ಬಿದ್ದು ಬಂದವರನ್ನ ಕೂರಿಸಿ, ಮಜ್ಜಿಗೆ ಕೊಟ್ಟು, ನಾಳೆ ಓಡಿಹೋಗುವೆಯಂತೆ, ಇವತ್ತು ಕುಡಿದು ಮಲಗು ಅನ್ನೋಳು. ನಾನೂ ಗೋಡೆ ಹತ್ತಿದ್ದೆ. ಆ ನಾಳೆ ಇನ್ನೂ ಬಂದಿಲ್ಲ."

"ಹಾಗಾದರೆ ಮುಖ ಯಾಕೆ ಮಸುಕು?" ಮಂಕಣ ಕಿರುಚಿದ.

"ನೂರು ಎಣಿಸೋವರೆಗೂ ಅಲುಗಾಡದೆ ನಿಲ್ಲೋಕೆ ಅವಳಿಗೆಲ್ಲಿತ್ತು ಪುರುಸೊತ್ತು? ಯಾರೋ ಗೋಡೆ ಹತ್ತಿದ ಸದ್ದಾಯಿತು. ತಿರುಗಿದಳು."

ಮಂಕಣನ ಸರ ಕಿತ್ತು ಮಣಿಗಳು ಚೆಲ್ಲಿದವು. ಉರುಳುತ್ತ ಉರುಳುತ್ತ ಬೆಳೆದು, ಒಂದೊಂದೂ ತನ್ನ ಜಾಗಕ್ಕೆ ಹೋಗಿ ಕೂತವು. ಕೂಗುಮನೆ, ಜೊತೆಮನೆ, ಗೋಡೆ ಪಕ್ಕದ ಗುಡಿಸಲು, ಎಲ್ಲವೂ ಬಂದವು. ಬೂದಿಯ ಚೀಲ ಬಿಚ್ಚಿ ಅವನ ತಲೆಯ ಮೇಲೇ ಸುರಿಯಿತು. ತಾನು ಮಾಂತ್ರಿಕ ಎಂಬುದನ್ನೇ ಮರೆತು "ನಾನು ಯಾರು?" ಎಂದು ಕೇಳಿದ. ಜಕ್ಕಲೆ ಅವನ ಕೈಗೆ ಪೊರಕೆ ಕೊಟ್ಟು, "ಭಂಡಾರ ಗುಡಿಸುವವನು" ಎಂದಳು. ಚೆನ್ನಾಗಿಯೇ ಗುಡಿಸಿದ.

ಮನೆಗಳು ಬಂದವು, ಮನುಷ್ಯರು ಬರಲಿಲ್ಲ. ಚಾಗಕ್ಕನ ಗುಡಿಸಲಿನಲ್ಲಿ ಗಡಿಗೆಯಿತ್ತು, ಅವಳಿರಲಿಲ್ಲ. ಬಮ್ಮಯ್ಯ ಆ ಹೊಸ್ತಿಲ ಮೇಲೆ ಬಹಳ ಹೊತ್ತು ಕೂತಿದ್ದ. ಹಾಗೆ ಹೋದವರು ಯಾವ ಮಾಂತ್ರಿಕನ ಸರದಿಂದಲೂ ವಾಪಸು ಬರುವವರಲ್ಲ.

ಆ ದಿನ ಓದು ಮುಗಿಸಿದವರು ಆ ಗುಡಿಸಲ ಮುಂದೆಯೇ ಬಿಂಬ ಹಿಡಿಸಿಕೊಂಡರು. ನಡುವೆ ಅಜ್ಜ, ಅವನ ಪಕ್ಕ ಮೊಮ್ಮಗಳು. ಹಾಳೆ ಒಣಗಿದ ಮೇಲೆ ಅಜ್ಜ ಅದನ್ನು ತಿರುಗಿಸಿ, ಕಬ್ಬಿಣದ ಕಡ್ಡಿ ಅವಳ ಕೈಗೆ ಕೊಟ್ಟ.

"ಬರಿ. ಇದು ಚಾಗಕ್ಕನ ಮನೆ. ಇವನು ಬಮ್ಮಯ್ಯ. ಇವಳು ಅವನ ಮೊಮ್ಮಗಳು ಜಕ್ಕಲೆ."

ತನ್ನ ಹೆಸರು ಅವನ ಬಾಯಲ್ಲಿ ಕೇಳಿ ಜಕ್ಕಲೆಗೆ ಕಣ್ಣು ತುಂಬಿತು. ಕಣ್ಣೊರೆಸಿಕೊಳ್ಳುತ್ತ ರೇಗಿಸಿದಳು, "ಇದನ್ನೂ ಬರೀಬೇಕಾ ಅಜ್ಜಾ? ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

"ಗೊತ್ತಿರೋವಾಗಲೇ ಬರೀಬೇಕು ಮಗಳೇ" ಎಂದ ಅಜ್ಜ.

ಜಕ್ಕಲೆ ಬರೆದಳು. ಅಂದಿನಿಂದ ಹೊಂಬಳಲಿನಲ್ಲಿ ಹಾಳೆಯ ಹಿಂದೆ ಬರೆಯದೆ ಯಾರೂ ಹೆಬ್ಬಾಗಿಲು ದಾಟಲಿಲ್ಲ. ಅಜ್ಜ ಮೊಮ್ಮಗಳು ಮಜ್ಜಿಗೆಗೆ ಉಪ್ಪು ಹಾಕಿಕೊಂಡು ಸುಖವಾಗಿದ್ದರು, ಕೇಳಿದ ನೀವೂ ಹಾಗೇ ಇರಿ.