ಸೆಕೆಂಡ್ ಹ್ಯಾಂಡ್ ಅಂದ್ರೆ ನಾನೇನಾ?

"ಈ ವಾಚು ನನಗೆ ಬೇಡ. ಯಾರಿಗಾದ್ರೂ ಕೊಟ್ಬಿಡಿ!"

ಅವಳು ಕುಕ್ಕಿದ ರಭಸಕ್ಕೆ ಕೌಂಟರಿನ ಗಾಜು ಝಲ್ಲೆಂದಿತು. ವಾಚ್ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದು ತಲೆಯೆತ್ತಿದ.

"ಸೆಕೆಂಡ್ ಹ್ಯಾಂಡ್ ಎಲ್ಲ ನಾನು ತಗೊಳ್ಳಲ್ಲ ಮೇಡಂ."

ಅಷ್ಟೇ! ಅವಳ ಕಣ್ಣಿಂದ ದಳದಳನೆ ನೀರಿಳಿಯಿತು.

ಪಾಪ, ಅವನಿಗೇನು ಗೊತ್ತು? ಅದು ಬಿಟ್ಟುಹೋದ ಗಂಡ ಕೊಟ್ಟ ವಾಚು. ಅವಳು ವಿಚ್ಛೇದನವಾಗಿ ತವರಿಗೆ ಬಂದವಳು. ಅವತ್ತು ಬೆಳಿಗ್ಗೆಯಷ್ಟೇ ಅತ್ತಿಗೆ ಫೋನಿನಲ್ಲಿ ಯಾರಿಗೋ, "ನಮ್ಮನೇಲಿರೋದು ಸೆಕೆಂಡ್ ಹ್ಯಾಂಡ್ ಪೀಸು, ಯಾರು ಬರ್ತಾರೆ ನೋಡೋಕೆ?" ಎಂದು ನಕ್ಕಿದ್ದು ಅವಳ ಕಿವಿಗೆ ಬಿದ್ದಿತ್ತು.

"ಅಯ್ಯೋ, ಅಳ್ಬೇಡಿ! ತಗೋತೀನಿ, ತಗೋತೀನಿ!" ಅವನು ಗಾಬರಿಯಾಗಿ ಸ್ಟೂಲು ಎಳೆದು ಕೂರಿಸಿದ.

ಮಹಡಿಯ ಮೇಲೆ ಅವಳ ಹೊಲಿಗೆ ಅಂಗಡಿ, ಕೆಳಗೆ ಅವನದು. ಅಲ್ಲಿಂದ ಮುಂದೆ ಮಧ್ಯಾಹ್ನದ ಚಹಾ ಇಬ್ಬರಿಗೂ ಒಟ್ಟಿಗೇ ಆಗತೊಡಗಿತು. ಅವಳು ಮಾತಿನ ಮಲ್ಲಿ. ಅವನೋ, ಮಾತಿನಲ್ಲಿ ಮಹಾ ಜಿಪುಣ! ಹೇಗೋ ಹೊಂದಿಕೊಂಡಿತು. ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು, ಅವನಿಗೂ ಆಗಿದೆ ಎಂದೇ ನಂಬಿದ್ದಳು.

ಆದರೆ ಈಚೆಗೆ ಅವನು ಚಹಾಕ್ಕೂ ಕರೆಯುತ್ತಿರಲಿಲ್ಲ. ಎದುರಾದರೆ ಜೇಬಿಗೆ ಕೈ ತುರುಕಿಕೊಂಡು ಪಕ್ಕಕ್ಕೆ ಸರಿದುಬಿಡುತ್ತಿದ್ದ.

ಏನಾಯಿತೆಂದು ಕೇಳಿಯೇ ಬಿಡೋಣ ಎಂದು ಇಳಿದು ಬಂದವಳಿಗೆ ಬಾಗಿಲ ಹೊರಗೇ ಅವನ ದನಿ ಕೇಳಿಸಿತು. ಬೇರೆ ಊರಲ್ಲಿ ವಾಚಿನಂಗಡಿ ಇಟ್ಟಿದ್ದ ತನ್ನ ಅಣ್ಣನ ಜೊತೆ ಫೋನಿನಲ್ಲಿದ್ದ.

"ಇಲ್ಲ ಅಣ್ಣ... ಸೆಕೆಂಡ್ ಹ್ಯಾಂಡ್ ನನ್ನ ಕೈಲಿ ಆಗಲ್ಲ. ಮನಸ್ಸೇನೋ ಇದೆ, ಆದ್ರೆ ಆಗಲ್ಲ. ಬೇಡ, ಕಳಿಸಿಬಿಡ್ತೀನಿ."

ಅವಳ ಎದೆ ಧಸಕ್ಕೆಂದಿತು. ಇವನೂನಾ...?

ಸೀದಾ ಒಳಗೆ ನುಗ್ಗಿದಳು.

"ಕಳಿಸೋದೇನೂ ಬೇಡ, ನಾನೇ ಹೋಗ್ತೀನಿ! ಹೌದು, ಸೆಕೆಂಡ್ ಹ್ಯಾಂಡೇ ನಾನು. ಅದನ್ನ ನನ್ನ ಮುಖಕ್ಕೇ ಹೇಳ್ಬಹುದಿತ್ತಲ್ಲ?"

ಅವನು ಕಕ್ಕಾಬಿಕ್ಕಿಯಾದ. "ನಿಮ್ಮನ್ನಾ...? ರೀ, ನಾನು ಹೇಳಿದ್ದು ಇದನ್ನ!"

ಬಿಳಿ ಬಟ್ಟೆಯ ಮೇಲೆ ಗಾಜು ಬಿಚ್ಚಿದ ಹಳೆಯ ವಾಚು, ಪಕ್ಕದಲ್ಲಿ ಕೂದಲೆಳೆಯಂಥ ಒಂದು ಮುಳ್ಳು.

"ಸೆಕೆಂಡ್ ಮುಳ್ಳು. ನಮ್ಮ ಕಸುಬಿನವರು ಸೆಕೆಂಡ್ ಹ್ಯಾಂಡ್ ಅಂತೀವಿ. ಅಣ್ಣನ ಅಂಗಡಿಯಿಂದ ಬಂದ ವಾಚು. ಇದನ್ನ ಕೂರಿಸೋಕೆ ನನ್ನಿಂದ ಆಗ್ತಿಲ್ಲ."

ಜೇಬಿನಿಂದ ಬಲಗೈ ಹೊರತೆಗೆದ. ಅದು ತನ್ನಷ್ಟಕ್ಕೆ ಗಡಗಡ ನಡುಗುತ್ತಿತ್ತು.

"ವಾಸಿಯಾಗೋ ಕಾಯಿಲೆ ಅಲ್ಲ ಅಂದ್ರು ಡಾಕ್ಟರು. ಇನ್ನೂ ಜಾಸ್ತಿ ಆಗುತ್ತಂತೆ. ಮುಂದೆ ಅಂಗಿ ಗುಂಡಿ ಹಾಕೋಕೂ ಯಾರಾದ್ರೂ ಬೇಕು."

ಅವಳ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

"ಕೊಡಿ ಇಲ್ಲಿ. ದಿನಾ ಸೂಜಿ ಹಿಡಿಯೋಳು ನಾನು," ಎಂದು ಚಿಮುಟ ತೆಗೆದುಕೊಂಡಳು. ಅವನು ಹೇಳಿಕೊಟ್ಟ ಹಾಗೇ ಹಿಡಿದಳು. ಮುಳ್ಳು ಇನ್ನೇನು ಕೂತಿತು ಅನ್ನುವಷ್ಟರಲ್ಲಿ ಪುಟಕ್ಕನೆ ಚಿಮ್ಮಿ ಎಲ್ಲೋ ಹೋಯಿತು.

ಇಬ್ಬರೂ ಮಂಡಿಯೂರಿ ನೆಲವೆಲ್ಲ ಸವರಿದರು. ಸಿಗಲಿಲ್ಲ.

"ಇನ್ನೊಂದು ತರಿಸೋಣ..."

"ಆ ಕಂಪನಿನೇ ಇಲ್ಲ ಈಗ. ಸಿಗಲ್ಲ ಬಿಡಿ. ಅಂಗಡೀನೂ ಈ ತಿಂಗಳೇ ಮುಚ್ತೀನಿ."

ನೆಲದ ಮೇಲೆ ಕೂತೇ ಅವನು ಹೇಳಿದ. ಅಷ್ಟು ಮಾತು ಅವನು ಯಾವತ್ತೂ ಆಡಿದವನಲ್ಲ.

"ನೀವಂದ್ರೆ ಇಷ್ಟ ರೀ... ತುಂಬಾ ಇಷ್ಟ. ಅದಕ್ಕೇ ದೂರ ಸರಿದೆ. ಒಬ್ಬ ಈಗಾಗ್ಲೇ ನಿಮಗೆ ಕೈ ಕೊಟ್ಟು ಹೋಗಿದಾನೆ. ನಾನೂ ಇವತ್ತಲ್ಲ ನಾಳೆ ಕೈ ಕೊಡೋನೇ."

ಅವಳು ಮುಖ ಒರೆಸಿಕೊಂಡಳು. ಈ ಮನುಷ್ಯನ ಜೊತೆ ಮುಂದೆ ಸುಖ ಅಂತ ಏನೂ ಇಲ್ಲ, ಅದು ಅವಳಿಗೂ ಕಾಣುತ್ತಿತ್ತು.

"ಕೊಡಿ," ಎಂದಳು.

"ಏನು?"

"ಕೈ. ಕೊಡಿ ಅಂದೆ."

ಅವನು ಚಾಚಿದ. ಅವಳು ಎರಡೂ ಅಂಗೈಯಲ್ಲಿ ಬಿಗಿಯಾಗಿ ಹಿಡಿದಳು. ಅಲ್ಲಿಯೂ ಅದು ನಡುಗುತ್ತಲೇ ಇತ್ತು.

"ಅದು ನಿಲ್ಲಲ್ಲ ರೀ..."

"ಗೊತ್ತು," ಎಂದಳು. "ನಾನು ನಿಲ್ತೀನಿ."